ಕುರುಚಲು ನಾಡಿನ ಚಿಂಕಾರ

ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ, ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವೆ ಒಂದಿಷ್ಟು ಕಲ್ಲುಗುಡ್ಡಗಳಿವೆ. ಬೇಸಿಗೆಯಲ್ಲಿ ನೋಡಿದರೆ ಅಲ್ಲಿ ಒಣಹುಲ್ಲು, ಮುಳ್ಳುಕಂಟಿ, ಕಾದ ಕಲ್ಲು ಬಿಟ್ಟು ಬೇರೇನೂ ಇಲ್ಲ ಅನ್ನಿಸುತ್ತದೆ. ಅದೇ ಜಾಗದಲ್ಲಿ ಭಾರತದ ಅತ್ಯಂತ ನಾಜೂಕಾದ ಹುಲ್ಲೆಯೊಂದು ಬದುಕಿದೆ. ಅದರ ಮೈಯ ಬಣ್ಣ ಒಣಹುಲ್ಲಿನದೇ ಆದ್ದರಿಂದ ಸುಮ್ಮನೆ ನಿಂತರೆ ಕಣ್ಣಿಗೆ ಬೀಳುವುದಿಲ್ಲ. ಮೊದಲು ಕಾಣುವುದು ಬಾಲ. ಗೇಣುದ್ದದ ಕಪ್ಪು ಬಾಲವನ್ನು ಅದು ಮೇಯುವಾಗ, ನಿಂತಾಗ, ಓಡುವ ಮುನ್ನ, ಎಡೆಬಿಡದೆ ಆಡಿಸುತ್ತಲೇ ಇರುತ್ತದೆ. ಆ ಅಲುಗಾಟದ ಜಾಡು ಹಿಡಿದು ನೋಡಿದರೆ ಆಮೇಲೆ ಕಾಲು, ಕಿವಿ, ಮುಖದ ಪಟ್ಟೆ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಇದು ಚಿಂಕಾರ.

ಹುಲ್ಲೆ ಎಂದರೆ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ರಾಣೆಬೆನ್ನೂರಿನ ಕೃಷ್ಣಮೃಗ. ಜಿಂಕೆ ಎಂದರೆ ಬಂಡೀಪುರದ ಚುಕ್ಕಿ ಜಿಂಕೆ. ಚಿಂಕಾರ ಅಂದರೆ ರಾಜಸ್ಥಾನದ ಮರಳುಗಾಡಿನ ಪ್ರಾಣಿ ಎಂಬ ಭಾವನೆ ಬಲವಾಗಿ ಬೇರೂರಿದೆ. ಅಲ್ಲಿಯ ರಾಜ್ಯಪ್ರಾಣಿ ಅದು, ಹೌದು. ಭಾರತದಲ್ಲಿರುವ ಚಿಂಕಾರಗಳಲ್ಲಿ ಬಹುಪಾಲು ಇರುವುದೂ ಥಾರ್ ಸೀಮೆಯಲ್ಲೇ. ಈ ಶತಮಾನದ ಆರಂಭದಲ್ಲಿ ಜೀವವಿಜ್ಞಾನಿ ಅಸದ್ ರಹಮಾನಿ ಕೊಟ್ಟ ಅಂದಾಜಿನಂತೆ ದೇಶದಲ್ಲಿದ್ದ ಸುಮಾರು 1 ಲಕ್ಷ ಚಿಂಕಾರಗಳಲ್ಲಿ 80 ಸಾವಿರ ಥಾರ್‌ನಲ್ಲಿದ್ದವು. ಆದರೆ ವಿಜ್ಞಾನದ ದಾಖಲೆಗೆ ಈ ಪ್ರಾಣಿ ಸೇರಿದ್ದು ದಖ್ಖನಿನಿಂದ. ಬಾಂಬೆ ಸರ್ಕಾರದ ಅಂಕಿಅಂಶಗಳ ಅಧಿಕಾರಿಯಾಗಿ ದಖ್ಖನ್ ಸುತ್ತಿದ ವಿಲಿಯಂ ಹೆನ್ರಿ ಸೈಕ್ಸ್ ಎಂಬ ಸೇನಾಧಿಕಾರಿ ಇಲ್ಲಿನ ಸಸ್ತನಿಗಳ ಪಟ್ಟಿಯನ್ನು 1831ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಎಡ್ವರ್ಡ್ ಟರ್ನರ್ ಬೆನೆಟ್ ಅವರ ಹೆಸರನ್ನು ಈ ಹುಲ್ಲೆಗೆ ಇಟ್ಟ. ಇಂದಿಗೂ ಅದರ ಶಾಸ್ತ್ರೀಯ ಹೆಸರು ಗಜೆಲ್ಲಾ ಬೆನೆಟ್ಟಿ. ನನಗೆ ಇದರಲ್ಲಿ ಬಹಳ ಹಿಡಿಸಿದ ಸಂಗತಿ ಇನ್ನೊಂದಿದೆ: ಚಿಂಕಾರದ ಬೆನ್ನಟ್ಟುವ ಬಯಲುಸೀಮೆಯ ತೋಳಕ್ಕೂ ಶಾಸ್ತ್ರೀಯ ಹೆಸರು ಕೊಟ್ಟವನು ಇದೇ ಸೈಕ್ಸ್, ಅದೇ 1831ರಲ್ಲಿ. ಬೇಟೆಯೂ ಬೇಟೆಗಾರನೂ ಒಂದೇ ನೆಲದಿಂದ, ಒಂದೇ ಕೈಯಿಂದ ಒಟ್ಟಿಗೆ ಪುಸ್ತಕ ಸೇರಿದವು.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕೃಷ್ಣಮೃಗವಿರಲಿ ಚಿಂಕಾರವಿರಲಿ, ಎಲ್ಲವೂ ಚಿಗರಿಯೇ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ತ್ವರಿತ ಬಸ್ಸಿಗೂ ಅದೇ ಹೆಸರು. ಆದರೆ ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಚುಕ್ಕಿ ಜಿಂಕೆಯ ಕುಟುಂಬ ಬೇರೆ, ಹುಲ್ಲೆಗಳ ಕುಟುಂಬ ಬೇರೆ. ಚುಕ್ಕಿ ಜಿಂಕೆ, ಕಡವೆಗಳ ಕೊಂಬು ಕವಲೊಡೆಯುತ್ತದೆ, ಗಂಡಿಗೆ ಮಾತ್ರ ಇರುತ್ತದೆ, ಕಾಲಕಾಲಕ್ಕೆ ಉದುರಿ ಮತ್ತೆ ಹುಟ್ಟುತ್ತದೆ. ಹುಲ್ಲೆಗಳ ಕೋಡು ದನ, ಆಡುಗಳ ಕೋಡಿನ ಜಾತಿಯದು: ಒಳಗೆ ಎಲುಬಿನ ತಿರುಳು, ಮೇಲೆ ಕೊಂಬಿನ ಕವಚ, ಒಮ್ಮೆ ಬಂದರೆ ಬದುಕಿಡೀ ಉಳಿಯುತ್ತದೆ. ಹಾಗಾಗಿ ಚಿಂಕಾರ ವಂಶದ ಲೆಕ್ಕದಲ್ಲಿ ಜಿಂಕೆಗಿಂತ ನಮ್ಮ ಹಟ್ಟಿಯ ಆಡಿಗೇ ಹತ್ತಿರ.

ಗಾತ್ರದಲ್ಲಿ ಅದು ಆಡಿಗಿಂತಲೂ ಹಗುರ. ಭುಜದವರೆಗಿನ ಎತ್ತರ 65 ಸೆಂ.ಮೀ. ಆಸುಪಾಸು, ತೂಕ ಸಾಮಾನ್ಯವಾಗಿ 25 ಕಿಲೋ ದಾಟುವುದಿಲ್ಲ. ಬೆನ್ನು ತಿಳಿ ಕಂದು, ಹೊಟ್ಟೆ ಬಿಳುಪು, ಇವೆರಡರ ನಡುವೆ ಪಕ್ಕೆಯ ಮೇಲೆ ತುಸು ಗಾಢವಾದ ಅಂಚು. ಕಣ್ಣಿನ ಮೂಲೆಯಿಂದ ಮೂತಿಯವರೆಗೆ ಇಳಿಯುವ ಬಿಳಿ ಗೆರೆ, ಅದರ ಪಕ್ಕದಲ್ಲೇ ಕಂದು ಗೆರೆ. ಗಂಡಿನ ಕೋಡು ಉಂಗುರ ಉಂಗುರವಾಗಿ ಮೇಲೆದ್ದು, ಹಿಂದಕ್ಕೆ ಬಾಗಿ, ತುದಿಯಲ್ಲಿ ಸ್ವಲ್ಪ ಮುಂದಕ್ಕೆ ತಿರುಗುತ್ತದೆ. ಉದ್ದ 25ರಿಂದ 30 ಸೆಂ.ಮೀ. ಹೆಣ್ಣಿಗೂ ಕೋಡುಂಟು, ಆದರೆ ತೆಳು, ಗಿಡ್ಡ, ನಯ. ಕೃಷ್ಣಮೃಗದ ಹೆಣ್ಣಿಗೆ ಸಾಮಾನ್ಯವಾಗಿ ಕೋಡೇ ಇರುವುದಿಲ್ಲ, ಗಂಡಿನದು ತಿರುಚಿಕೊಂಡ ಕೋಡು. ಕೊಂಡುಕುರಿಯ ಗಂಡಿಗೆ ನಾಲ್ಕು ಪುಟ್ಟ ಕೋಡು. ಇಷ್ಟು ನೆನಪಿಟ್ಟುಕೊಂಡರೆ ನಮ್ಮ ನಾಡಿನ ಮೂರು ಹುಲ್ಲೆಗಳನ್ನು ದೂರದಿಂದಲೇ ಗುರುತಿಸಬಹುದು.

ಚಿಂಕಾರದ ನೆಲೆ ಇರಾನಿನ ಒಳನಾಡಿನಿಂದ ಹೊರಟು ಪಾಕಿಸ್ತಾನ, ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶ, ಮಹಾರಾಷ್ಟ್ರಗಳ ಒಣ ಸೀಮೆಯಲ್ಲಿ ಹಾದು ನಮ್ಮ ತುಮಕೂರು ಜಿಲ್ಲೆಯವರೆಗೆ ಬರುತ್ತದೆ. ಇರಾನಿನಲ್ಲಿ ಇದನ್ನು ಜೆಬೀರ್ ಎನ್ನುತ್ತಾರೆ. ಬಹುಕಾಲ ವಿಜ್ಞಾನಿಗಳು ಇದನ್ನು ಪಶ್ಚಿಮ ಏಷ್ಯಾದ ಗುಡ್ಡಗಾಡಿನ ಗಜೆಲ್ ಎಂಬ ಹುಲ್ಲೆಯ ಒಂದು ಉಪಪ್ರಭೇದ ಎಂದೇ ಬರೆದರು. ವರ್ಣತಂತುಗಳ ಅಧ್ಯಯನ ಬಂದ ಮೇಲೆ ಆ ನಂಟು ಕಳಚಿತು. ಚಿಂಕಾರವೂ ಸೇರಿದ ಈ ಗಜೆಲ್‌ಗಳಲ್ಲಿ ಒಂದು ವಿಚಿತ್ರವಿದೆ. ಹೆಣ್ಣುಗಂಡನ್ನು ನಿರ್ಧರಿಸುವ ಎಕ್ಸ್ ವರ್ಣತಂತು ಇನ್ನೊಂದು ಸಾಮಾನ್ಯ ವರ್ಣತಂತುವಿಗೆ ಅಂಟಿಕೊಂಡುಬಿಟ್ಟಿದೆ. ಹೀಗಾಗಿ ಒಂದೇ ಜಾತಿಯ ಗಂಡು ಮತ್ತು ಹೆಣ್ಣಿನಲ್ಲಿ ವರ್ಣತಂತುಗಳ ಎಣಿಕೆಯೇ ಬೇರೆ. ಗಂಡಿಗೆ ಒಂದು ಹೆಚ್ಚು. ನೋಡಲು ಒಂದೇ ಥರ ಕಾಣುವ ಎರಡು ಗಜೆಲ್‌ಗಳು ಒಳಗಿನ ಲೆಕ್ಕದಲ್ಲಿ ಬಹುದೂರದವು ಆಗಿರಬಹುದು. ಮೃಗಾಲಯಗಳಲ್ಲಿ ಇವನ್ನು ಕೂಡಿಸಿ ಸಾಕುವವರು ಈ ಲೆಕ್ಕವನ್ನು ಎಚ್ಚರದಿಂದ ನೋಡಲೇಬೇಕು.

ಈ ಪ್ರಾಣಿಯ ನಿಜವಾದ ಸೋಜಿಗ ಇರುವುದು ನೀರಿನ ವಿಷಯದಲ್ಲಿ. ಪಶ್ಚಿಮಘಟ್ಟದ ನೆತ್ತಿಯ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ. ಘಟ್ಟದ ಗೋಡೆಗೆ ನೀರು ಇಳಿಸಿ ಹಗುರಾದ ಮೋಡ ಬಾಗಲಕೋಟೆಗೆ ಬರುವಾಗ ಕೊಡುವುದು 600 ಮಿ.ಮೀ.ಗೂ ಕಡಿಮೆ. ಅದೂ ವರ್ಷದ ಕೆಲವೇ ವಾರಗಳಲ್ಲಿ. ಉಳಿದ ತಿಂಗಳು ಹಳ್ಳ ಒಣಗಿ, ಕೆರೆಯ ತಳ ಬಿರುಕು ಬಿಟ್ಟಿರುತ್ತದೆ. ನೀರು ಸಿಕ್ಕರೆ ಚಿಂಕಾರ ಕುಡಿಯುತ್ತದೆ, ಸಿಗದಿದ್ದರೆ ದೀರ್ಘಕಾಲ ಕುಡಿಯದೆಯೇ ಇರಬಲ್ಲದು. ಬೇಕಾದ ತೇವವನ್ನು ಎಲೆ, ಚಿಗುರು, ಕಾಯಿ, ಇಬ್ಬನಿಗಳಿಂದ ಎತ್ತಿಕೊಳ್ಳುತ್ತದೆ. ಬೋರೆ ಕಂಟಿಯ ಎಲೆ, ಹಣ್ಣು, ಜಾಲಿಯ ಕಾಯಿ, ಬನ್ನಿಯ ಚಿಗುರು ಅದಕ್ಕೆ ಇಷ್ಟ. ಮಳೆಗಾಲದಲ್ಲಿ ಎಳೆಹುಲ್ಲನ್ನೂ ಮೇಯುತ್ತದೆ. ಬೇಸಿಗೆ ಬಂದಂತೆ ಹುಲ್ಲು ಬಿಟ್ಟು ಎಲೆಗೆ ತಿರುಗುತ್ತದೆ. ಹುಲ್ಲು ಒಣಗಿದರೂ ಆಳಕ್ಕೆ ಬೇರಿಳಿಸಿದ ಕಂಟಿ, ಮರಗಳು ಹಸಿರಾಗಿರುತ್ತವೆ. ಚೂಪು ಮೂತಿ ಇರುವುದು ಇದಕ್ಕೇ. ಮುಳ್ಳಿನ ಸಂದಿಯಿಂದ ಒಂದೊಂದೇ ಎಲೆಯನ್ನು ಆರಿಸಿ ಕೀಳಲು.

ಮೇಯುವ ಹೊತ್ತೂ ಲೆಕ್ಕಾಚಾರದ್ದೇ. ಬೆಳಗಿನ ಜಾವ, ಸಂಜೆ, ರಾತ್ರಿ ಮೇಯುತ್ತದೆ, ನಡುಹಗಲು ಕಂಟಿಯ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತದೆ. ಬಿಸಿಲು ತಪ್ಪಿಸಿಕೊಳ್ಳುವುದು ಒಂದು ಕಾರಣ. ಇನ್ನೊಂದು ಕಾರಣವೂ ಉಂಟು: ಹಗಲಿನಲ್ಲಿ ಮುಟ್ಟಿದರೆ ಪುಡಿಯಾಗುವ ಒಣ ಎಲೆ ರಾತ್ರಿಯ ಗಾಳಿಯಿಂದ ತೇವ ಹೀರಿಕೊಂಡು ಮೆತ್ತಗಾಗುತ್ತದೆ. ಅದೇ ಎಲೆಯನ್ನು ಬೆಳಗಿನ ಜಾವ ತಿಂದರೆ ಮೇವಿನ ಜೊತೆಗೆ ನೀರೂ ಹೊಟ್ಟೆಗೆ ಹೋಗುತ್ತದೆ. ಒಳಗೆ ಹೋದ ನೀರನ್ನು ಹೊರಗೆ ಬಿಡುವುದರಲ್ಲೂ ಬಿಗಿ ಹಿಡಿತ. ಹಿಕ್ಕೆ ಒಣಗಿದ ಸಣ್ಣ ಗುಳಿಗೆ, ಮೂತ್ರ ಬಹಳ ಗಟ್ಟಿ.

ಬೇರೆ ದೇಶಗಳಲ್ಲಿ ಇದರ ದಾಯಾದಿಗಳ ಮೇಲೆ ನಡೆದ ಎರಡು ಅಧ್ಯಯನಗಳನ್ನು ಇಲ್ಲಿ ಹೇಳಲೇಬೇಕು, ಈ ವಂಶ ಎಂಥ ಜಾಣತನದಿಂದ ಕಟ್ಟಲ್ಪಟ್ಟಿದೆ ಎಂಬುದು ಅದರಿಂದ ತಿಳಿಯುತ್ತದೆ. ಸೌದಿ ಅರೇಬಿಯಾದ ಮರಳು ಗಜೆಲ್‌ಗಳಿಗೆ ತಿಂಗಳುಗಟ್ಟಲೆ ಮೇವು, ನೀರು ಕಡಿಮೆ ಮಾಡಿ ನೋಡಿದಾಗ ಅವುಗಳ ಯಕೃತ್ತು ಹೆಚ್ಚುಕಡಿಮೆ ಅರ್ಧಕ್ಕೆ ಕುಗ್ಗಿತ್ತು, ಹೃದಯವೂ ಸಣ್ಣದಾಗಿತ್ತು. ಯಕೃತ್ತು, ಹೃದಯ ಎಂದರೆ ಆಮ್ಲಜನಕವನ್ನು ಹೆಚ್ಚು ಬೇಡುವ ಅಂಗಗಳು. ಅವು ಕುಗ್ಗಿದರೆ ಉಸಿರಾಟ ಕಡಿಮೆ ಸಾಕು. ಉಸಿರಾಟ ಕಡಿಮೆಯಾದರೆ ಉಸಿರಿನ ಜೊತೆ ಹೊರಹೋಗುವ ತೇವವೂ ಉಳಿಯುತ್ತದೆ. ಬರ ಬಂದಾಗ ತನ್ನ ಒಡಲನ್ನೇ ಕಿರಿದು ಮಾಡಿಕೊಂಡು ಕಾಯುವ ಪ್ರಾಣಿ ಅದು.

ಎರಡನೆಯದು ಆಫ್ರಿಕಾದ ಥಾಮ್ಸನ್ ಗಜೆಲ್ ಮೇಲೆ 1970ರ ಆಸುಪಾಸು ರಿಚರ್ಡ್ ಟೇಲರ್ ಮತ್ತು ಚಾರ್ಲ್ಸ್ ಲೈಮನ್ ಮಾಡಿದ ಪ್ರಯೋಗ. ವೇಗವಾಗಿ ಓಡಿಸಿದಾಗ ಅದರ ಮೈಯ ತಾಪ ಕೆಲವೇ ನಿಮಿಷಗಳಲ್ಲಿ ಅಪಾಯದ ಮಟ್ಟಕ್ಕೆ ಏರಿತು. ಆದರೆ ಮಿದುಳು ಮಾತ್ರ ಉಳಿದ ದೇಹಕ್ಕಿಂತ ಎರಡು ಡಿಗ್ರಿಗೂ ಹೆಚ್ಚು ತಂಪಾಗಿಯೇ ಇತ್ತು. ಹೇಗೆಂದರೆ, ಮಿದುಳಿಗೆ ಹೋಗುವ ಬಿಸಿರಕ್ತ ತಲೆಯ ತಳದಲ್ಲಿ ನೂರಾರು ಎಳೆಗಳಾಗಿ ಒಡೆದು ಒಂದು ಬಲೆಯಾಗುತ್ತದೆ. ಮೂಗಿನ ಒದ್ದೆ ಪೊರೆಯಲ್ಲಿ ಉಸಿರಿನಿಂದ ತಣ್ಣಗಾಗಿ ಹಿಂದಿರುಗುವ ರಕ್ತ ಆ ಬಲೆಯನ್ನು ಸುತ್ತಿ ಹರಿಯುತ್ತದೆ. ಬಿಸಿ ಅಲ್ಲೇ ಇಳಿದು, ತಂಪಾದ ರಕ್ತ ಮಿದುಳು ಸೇರುತ್ತದೆ. ಉರಿಬಿಸಿಲಿನಲ್ಲಿ ಬೆವರು ಸುರಿಸಿ ನೀರು ಕಳೆಯುವ ಬದಲು ಮೈಯನ್ನು ಕಾಯಲು ಬಿಟ್ಟು, ತಲೆಯನ್ನಷ್ಟೇ ತಂಪಾಗಿಡುವ ಈ ವ್ಯವಸ್ಥೆ ಹುಲ್ಲೆ, ಆಡು, ಕುರಿಗಳಿಗೆಲ್ಲ ವಂಶಪಾರಂಪರ್ಯವಾಗಿ ಬಂದದ್ದು. ಒಣನೆಲದಲ್ಲಿ ಓಡಿಯೇ ಬದುಕಬೇಕಾದ ಗಜೆಲ್‌ಗಳಿಗೆ ಅದು ಪ್ರಾಣ ಉಳಿಸುವ ಸಾಧನ.

ಓಟದ ಮಾತಿಗೆ ಬಂದರೆ ಕಾಲುಗಳನ್ನು ನೋಡಬೇಕು. ನಮ್ಮ ಅಂಗೈಯಲ್ಲಿರುವ ಎಲುಬುಗಳಲ್ಲಿ ಎರಡು ಚಿಂಕಾರದಲ್ಲಿ ಬೆಸೆದುಕೊಂಡು ಒಂದೇ ಉದ್ದನೆಯ ಎಲುಬಾಗಿವೆ. ಮೊಣಕಾಲಿನಂತೆ ಕಾಣುವುದು ನಿಜದಲ್ಲಿ ಅದರ ಮಣಿಕಟ್ಟು. ಅದು ನಡೆಯುವುದು ಬೆರಳ ತುದಿಯ ಉಗುರಿನ ಮೇಲೆ. ತೂಕದ ಸ್ನಾಯುಗಳೆಲ್ಲ ಭುಜ, ತೊಡೆಗಳಲ್ಲೇ ಉಳಿದು, ಕೆಳಗಿನ ಕಾಲಿನಲ್ಲಿ ಎಲುಬು, ಚರ್ಮ, ಎಳೆದು ಬಿಟ್ಟರೆ ಪುಟಿಯುವ ನಾರುಗಳು ಮಾತ್ರ ಇವೆ. ಕಾಲು ಹಗುರವಾದಷ್ಟೂ ಬೀಸುವುದು ಸುಲಭ. ಗಂಟೆಗೆ 60 ಕಿ.ಮೀ. ವೇಗ ಈ ಪುಟ್ಟ ಪ್ರಾಣಿಗೆ ಕಷ್ಟವೇನಲ್ಲ.

ಆದರೂ ಅದು ಓಡಿಯೇ ಹೋಗುವುದಿಲ್ಲ. ಅಪಾಯದ ವಾಸನೆ ಬಡಿದಾಗ ಮುಂಗಾಲಿನಿಂದ ನೆಲ ಗುದ್ದಿ, ಮೂಗಿನಿಂದ ಸೀನಿದಂತೆ ಸದ್ದು ಮಾಡುತ್ತದೆ. ಇನ್ನೂರು ಮುನ್ನೂರು ಮೀಟರ್ ಓಡಿ ನಿಲ್ಲುತ್ತದೆ. ತಿರುಗಿ ನೋಡುತ್ತದೆ. ತೋಳದ ಎದುರು ಇದು ಒಳ್ಳೆಯ ಉಪಾಯ: ಬೆನ್ನಟ್ಟುತ್ತಿದೆಯೋ ಇಲ್ಲವೋ ಎಂದು ತಿಳಿಯದೆ ಓಡುತ್ತಿದ್ದರೆ ಶಕ್ತಿ, ನೀರು ಎರಡೂ ದಂಡ. ಬಂದೂಕು ಬಂದ ಮೇಲೆ ಈ ತಿರುಗಿ ನೋಡುವ ಗುಣವೇ ಅದಕ್ಕೆ ಮುಳುವಾಯಿತು. ನಿಂತ ಪ್ರಾಣಿಗೆ ಗುರಿಯಿಡುವುದು ಎಷ್ಟು ಹೊತ್ತಿನ ಕೆಲಸ? ಲಕ್ಷಾಂತರ ವರ್ಷ ಸರಿಯಾಗಿದ್ದ ಬುದ್ಧಿ ಒಂದು ಯಂತ್ರದ ಮುಂದೆ ತಪ್ಪಾಗಿಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಹುಲಿ ಆನೆಗಳ ಸಾಲಿನಲ್ಲೇ, ಚಿಂಕಾರ ಸೇರಿದೆ. ಬೇಟೆಯಾಡಿದರೆ ಜೈಲು.

ವೇಗದ ಬೇಟೆ ಇರುವಲ್ಲಿ ವೇಗದ ಬೇಟೆಗಾರನೂ ಹುಟ್ಟುತ್ತಾನೆ. ಈ ನೆಲದ ಬಯಲುಗಳಲ್ಲಿ ಹಿಂದೆ ಚೀತಾ ಇತ್ತು. ಕನ್ನಡದಲ್ಲಿ ಅದಕ್ಕೆ ಶಿವಂಗಿ ಎಂಬ ಹೆಸರಿದೆ. ಟಿಪ್ಪು ಸುಲ್ತಾನನ ಬಳಿ ಹುಲ್ಲೆಯ ಬೇಟೆಗೆಂದು ಪಳಗಿಸಿದ ಚೀತಾಗಳಿದ್ದವು. ದೇಶದ ಚೀತಾ ಸಂತತಿ ಅಳಿಯಿತೆಂದು 1952ರಲ್ಲಿ ಘೋಷಣೆಯಾಯಿತು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದ ಚೀತಾಗಳನ್ನು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟದ್ದು ಎಲ್ಲರಿಗೂ ಗೊತ್ತು. ಅಲ್ಲಿಯೂ ಚಿಂಕಾರವಿದೆ. ಇನ್ನು ಚಿಂಕಾರವಿರುವ ಮುಧೋಳ ತಾಲ್ಲೂಕೇ ಮುಧೋಳ ನಾಯಿಯ ತವರು ಎಂಬುದನ್ನು ಕಾಕತಾಳೀಯ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ವಾಸನೆಗಿಂತ ಕಣ್ಣನ್ನೇ ನಂಬಿ ಬಯಲಿನಲ್ಲಿ ಬೆನ್ನಟ್ಟುವ ತೆಳು ಮೈ, ಉದ್ದ ಕಾಲಿನ ನಾಯಿ ಅದು. ಪಶ್ಚಿಮ ಏಷ್ಯಾದಲ್ಲಿ ಗಜೆಲ್ ಬೇಟೆಗೆ ಸಾಕಿದ ಸಲೂಕಿ ನಾಯಿಗಳ ರಕ್ತ ಅದರಲ್ಲಿದೆ ಎನ್ನುತ್ತಾರೆ. ಮುಧೋಳದ ಘೋರ್ಪಡೆ ಅರಸರು ಅದನ್ನು ಬೆಳೆಸಿದರು, 2005ರಲ್ಲಿ ಅಂಚೆಚೀಟಿಯೂ ಬಂತು. ಆ ನಾಯಿಗೆ ನಾವು ಕೊಟ್ಟ ಮರ್ಯಾದೆ ಸರಿಯಾದದ್ದೇ. ಅಂಥ ನಾಯಿ ಹುಟ್ಟಲು ಕಾರಣವಾದ ಬಯಲಿಗೂ ಓಟಕ್ಕೂ ಅಷ್ಟೇ ಮರ್ಯಾದೆ ಸಲ್ಲಬೇಕಿತ್ತು.

ಕೃಷ್ಣಮೃಗಗಳಂತೆ ಚಿಂಕಾರ ದೊಡ್ಡ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿ, ಇಲ್ಲವೇ ಎರಡು, ಮೂರು, ನಾಲ್ಕರ ಗುಂಪಿನಲ್ಲಿ ಇರುತ್ತದೆ. ಮೇವು ಅಲ್ಲಲ್ಲಿ ಚದುರಿದ ನೆಲದಲ್ಲಿ ಹಿಂಡು ಕಟ್ಟಿದರೆ ಯಾರ ಹೊಟ್ಟೆಯೂ ತುಂಬದು. ಗಂಡು ತನ್ನ ಸರಹದ್ದನ್ನು ಹಿಕ್ಕೆಯ ಗುಡ್ಡೆಗಳಿಂದ ಗುರುತಿಸುತ್ತದೆ: ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು, ನೆಲ ಕೆರೆದು, ಅಲ್ಲೇ ಹಾಕುತ್ತದೆ. ಬೇರೆ ಚಿಂಕಾರಗಳಿಗೆ ಅದು ಓದಬಹುದಾದ ಪತ್ರ. ಯಾರು ಬಂದಿದ್ದರು, ಯಾವಾಗ ಬಂದಿದ್ದರು ಎಂಬುದೆಲ್ಲ ವಾಸನೆಯಲ್ಲಿ ಸಿಗುತ್ತದೆ. ಚಿಂಕಾರವನ್ನು ಕಣ್ಣಾರೆ ಕಾಣುವುದು ಕಷ್ಟವಾದ ಕಡೆ ಅರಣ್ಯ ಸಿಬ್ಬಂದಿಗೂ ಈ ಗುಡ್ಡೆಗಳೇ ಸುಳಿವು.

ಗರ್ಭ ಸುಮಾರು ಐದೂವರೆ ತಿಂಗಳು. ಸಾಮಾನ್ಯವಾಗಿ ಒಂದು ಮರಿ, ಕೆಲವೊಮ್ಮೆ ಅವಳಿ. ಹುಟ್ಟಿದ ಮರಿ ಬೇಗನೆ ಎದ್ದು ನಿಂತರೂ ಮೊದಲ ಕೆಲವು ವಾರ ತಾಯಿಯ ಹಿಂದೆ ಓಡಾಡುವುದಿಲ್ಲ. ಹುಲ್ಲಿನ ಬುಡದಲ್ಲಿ, ಕಲ್ಲಿನ ಮರೆಯಲ್ಲಿ ಕತ್ತು ಚಾಚಿ ನೆಲಕ್ಕಂಟಿ ಮಲಗಿರುತ್ತದೆ. ತಾಯಿ ದೂರದಲ್ಲಿ ಮೇಯುತ್ತ, ದಿನಕ್ಕೆ ಕೆಲವೇ ಬಾರಿ ಬಂದು ಹಾಲೂಡಿಸಿ, ಮರಿಯ ಮೈಯನ್ನೂ ಮಲಮೂತ್ರವನ್ನೂ ನೆಕ್ಕಿ ವಾಸನೆ ಅಳಿಸಿ ಮತ್ತೆ ದೂರ ಹೋಗುತ್ತದೆ. ಹತ್ತಿರವೇ ಇದ್ದರೆ ನರಿ, ತೋಳಗಳಿಗೆ ಜಾಗ ತೋರಿಸಿದಂತೆ. ಕುರಿ ಕಾಯುವವರಿಗೂ ಹೊಲಕ್ಕೆ ಹೋಗುವವರಿಗೂ ಹೀಗೆ ಮಲಗಿದ ಮರಿ ಸಿಕ್ಕಾಗ, ತಬ್ಬಲಿ ಎಂದು ಮರುಗಿ ಮನೆಗೆ ಎತ್ತಿ ತರುವುದುಂಟು. ಅದು ತಬ್ಬಲಿಯಲ್ಲ, ತಾಯಿ ಎಲ್ಲೋ ನಿಂತು ನೋಡುತ್ತಿರುತ್ತದೆ. ಮುಟ್ಟದೆ ಬಂದ ದಾರಿಯಲ್ಲೇ ಹಿಂದಿರುಗುವುದೊಂದೇ ಆ ಮರಿಗೆ ನಾವು ಮಾಡಬಹುದಾದ ಉಪಕಾರ.

ಇಷ್ಟೆಲ್ಲ ಹೊಂದಾಣಿಕೆಗಳು ಒಂದೆರಡು ಶತಮಾನದಲ್ಲಿ ಬಂದವಲ್ಲ. ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳಲ್ಲಿ ಅಳಿದುಹೋದ ಗಜೆಲ್ ಜಾತಿಯ ಪಳೆಯುಳಿಕೆಗಳು ಸಿಕ್ಕಿವೆ. ಅದೇ ಶಿವಾಲಿಕ್‌ನ ಹಳೆಯ ಮಣ್ಣಿನಲ್ಲಿರುವ ಇಂಗಾಲದ ಗುರುತುಗಳು, ಸುಮಾರು 70–80 ಲಕ್ಷ ವರ್ಷಗಳ ಹಿಂದೆಯೇ ಬಿಸಿಲುನಾಡಿನ ಹುಲ್ಲುಗಳು ಈ ಉಪಖಂಡದಲ್ಲಿ ಹರಡಿದ್ದನ್ನು ತೋರಿಸುತ್ತವೆ. ಮನುಷ್ಯ ಕೊಡಲಿ ಹಿಡಿಯುವ ಎಷ್ಟೋ ಮುಂಚೆ ಇಲ್ಲಿ ಹುಲ್ಲುಗಾವಲಿತ್ತು. ದಖ್ಖನಿನ ಕುರುಚಲು ಬಯಲು ಕಡಿದು ಹಾಳುಮಾಡಿದ ಕಾಡು ಎಂಬುದು ನಮ್ಮಲ್ಲಿ ಗಟ್ಟಿಯಾಗಿ ಕೂತ ನಂಬಿಕೆ. ಶಾಲಾ ಪಾಠದಿಂದ ಸರ್ಕಾರಿ ಕಡತದವರೆಗೆ ಅದೇ. ಪಕ್ಕದ ಮಹಾರಾಷ್ಟ್ರದಲ್ಲಿ ಆಶಿಷ್ ನೆರ್ಲೇಕರ್ ಮತ್ತು ದಿಗ್ವಿಜಯ್ ಪಾಟೀಲ್ ಹಳೆಯ ಮರಾಠಿ ಸಾಹಿತ್ಯ, ಜನಪದ ಹಾಡುಗಳಲ್ಲಿ ಬರುವ ಗಿಡಮರಗಳನ್ನು ಹುಡುಕಿ ಪಟ್ಟಿ ಮಾಡಿ, ಶತಮಾನಗಳ ಹಿಂದೆಯೂ ಆ ಸೀಮೆ ಮುಳ್ಳುಮರ, ಹುಲ್ಲುಗಳ ಬಯಲೇ ಆಗಿತ್ತೆಂದು ತೋರಿಸಿದ್ದಾರೆ. ಇಂಥ ಕೆಲಸವನ್ನು ಕನ್ನಡದ ಕಾವ್ಯ, ಶಾಸನ, ಜನಪದದ ಮೇಲೆ ಯಾರಾದರೂ ಕೈಗೆತ್ತಿಕೊಳ್ಳಬೇಕು. ನಮ್ಮಲ್ಲಿ ಸಾಮಗ್ರಿಗೆ ಬರವಿಲ್ಲ.

ನಂಬಿಕೆ ತಪ್ಪಾದರೆ ಏನಾಯಿತು ಎನ್ನಬಹುದು. ಆಗುವುದು ಬಹಳ ಇದೆ. ಬ್ರಿಟಿಷರ ಕಂದಾಯ ಪದ್ಧತಿಯಲ್ಲಿ ತೆರಿಗೆ ಬಾರದ ನೆಲವೆಲ್ಲ ಬೀಳು. ಸ್ವತಂತ್ರ ಭಾರತವೂ ಪಾಳುಭೂಮಿಯ ನಕಾಶೆ ತಯಾರಿಸಿತು; ಕುರುಚಲು ನೆಲವನ್ನೂ ಅದರಲ್ಲಿ ಸೇರಿಸಿತು. ಪಾಳು ಎಂದ ಮೇಲೆ ಅದನ್ನು ಉಪಯೋಗಕ್ಕೆ ತರುವುದು ಪುಣ್ಯದ ಕೆಲಸವಾಯಿತು. ನೀಲಗಿರಿ ನೆಟ್ಟರು, ಅಕೇಶಿಯಾ ನೆಟ್ಟರು, ಬಳ್ಳಾರಿ ಜಾಲಿ ತಾನಾಗಿಯೇ ಹಬ್ಬಿ ಹುಲ್ಲನ್ನು ನುಂಗಿತು. ದಟ್ಟ ನೆರಳಿನಲ್ಲಿ ಬಯಲಿನ ಹುಲ್ಲು ಬೆಳೆಯುವುದಿಲ್ಲ. ದೂರ ನೋಡಿ ಓಡಿ ಪಾರಾಗುವ ಚಿಂಕಾರಕ್ಕೆ ಸಾಲುಗಿಡಗಳ ನಡುವೆ ನೋಟವೂ ಇಲ್ಲ, ಓಟವೂ ಇಲ್ಲ. ಎಂ.ಡಿ. ಮಧುಸೂದನ್ ಮತ್ತು ಅಬಿ ತಮೀಮ್ ವನಕ್ ಉಪಗ್ರಹ ಚಿತ್ರಗಳಿಂದ ತಯಾರಿಸಿದ ನಕಾಶೆಯಂತೆ ಇಂಥ ಸಹಜ ಬಯಲುಗಳು ದೇಶದ ಸುಮಾರು ಹತ್ತನೇ ಒಂದು ಭಾಗದಷ್ಟಿವೆ, ಅಂದರೆ 3 ಲಕ್ಷ ಚದರ ಕಿ.ಮೀ.ಗೂ ಹೆಚ್ಚು. ಸಂರಕ್ಷಿತ ಪ್ರದೇಶಗಳ ಒಳಗಿರುವುದು ಅದರಲ್ಲಿ ನೂರಕ್ಕೆ ಐದರಷ್ಟೂ ಇಲ್ಲ.

ಮೈಸೂರು ಸೀಮೆಯಲ್ಲಿ ಈ ಬಯಲುಗಳಿಗೆ ಒಳ್ಳೆಯ ಹೆಸರೊಂದಿತ್ತು: ಕಾವಲು. ಒಡೆಯರ ಕಾಲದಲ್ಲಿ ಅಮೃತಮಹಲ್ ದನಗಳಿಗೆಂದು ಕಾದಿಟ್ಟ ಈ ಹುಲ್ಲುಗಾವಲುಗಳು ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಲಕ್ಷಾಂತರ ಎಕರೆ ಇದ್ದವು. ದನ, ಕುರಿ, ಹುಲ್ಲೆ, ತೋಳ ಎಲ್ಲಕ್ಕೂ ಅಲ್ಲಿ ಪಾಲಿತ್ತು. ಅವುಗಳಲ್ಲಿ ಬಹುಪಾಲು ಹೊಲವಾಗಿ, ನೆಡುತೋಪಾಗಿ, ಕಟ್ಟಡಗಳಾಗಿ ಕರಗಿವೆ. ಚಳ್ಳಕೆರೆಯಲ್ಲಿ 2009ರ ನಂತರ ಸುಮಾರು 10 ಸಾವಿರ ಎಕರೆ ಕಾವಲು ದೊಡ್ಡ ದೊಡ್ಡ ಸಂಸ್ಥೆಗಳ ಪಾಲಾದದ್ದು ಇತ್ತೀಚಿನ ಕಥೆ. ಬೇಲಿ ಬಿದ್ದ ಮೇಲೆ ದನ, ಕುರಿ ಕಾಯುವವರು ಮೇವಿಗಾಗಿ ಹೋರಾಟಕ್ಕಿಳಿದರು. ಕುರಿಯವರ ಬದುಕಿಗೂ ಹುಲ್ಲೆಯ ಬದುಕಿಗೂ ಬೇಕಾದ ನೆಲ ಒಂದೇ. ಒಬ್ಬರನ್ನು ಹೊರಹಾಕಿ ಇನ್ನೊಬ್ಬರನ್ನು ಉಳಿಸುತ್ತೇವೆ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಕರ್ನಾಟಕ ಈ ವಿಷಯದಲ್ಲಿ ಒಳ್ಳೆಯ ಹೆಜ್ಜೆಗಳನ್ನೂ ಇಟ್ಟಿದೆ. ಬೀಳಗಿ-ಮುಧೋಳ ಗುಡ್ಡಗಳ ಸುಮಾರು 96 ಚದರ ಕಿ.ಮೀ. ನೆಲ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವಾಗಿದೆ. ತೋಳ, ಕತ್ತೆಕಿರುಬ, ನರಿಗಳಿಗೂ ಅದು ಆಸರೆ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡುಗಳಲ್ಲಿ ಚಿಂಕಾರ ಇರುವುದು ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಅವರ ತಂಡ ಇರಿಸಿದ ಕ್ಯಾಮೆರಾಗಳಲ್ಲಿ ದಾಖಲಾಯಿತು. ಈ ಪ್ರಾಣಿಯ ನೆಲೆಯ ದಕ್ಷಿಣದ ಕೊನೆಯ ಅಂಚು ಅದು. 2019ರಲ್ಲಿ ಅಲ್ಲಿನ ಸುಮಾರು 136 ಚದರ ಕಿ.ಮೀ. ಪ್ರದೇಶ ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿಧಾಮವಾಯಿತು. ಕಮರ, ದಿಂಡಿಗ ಮರಗಳ ಆ ಒಣಕಾಡಿನಲ್ಲಿ ಚಿಂಕಾರ, ಕೃಷ್ಣಮೃಗ, ಕೊಂಡುಕುರಿ ಮೂರೂ ಇವೆ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮವಾಗಿದೆ. ಹುಲಿ, ಆನೆಗಳ ಆಚೆಗೂ ಕಣ್ಣು ಹಾಯಿಸಿದ ತೀರ್ಮಾನಗಳು ಇವು, ಮೆಚ್ಚಲೇಬೇಕು.

ಧಾಮದ ಗಡಿ ದಾಟಿದರೆ ಮಾತ್ರ ಸ್ಥಿತಿ ಕಷ್ಟ. ನದಿ, ಕಾಲುವೆ, ಏತ ನೀರಾವರಿ ಬಂದಲ್ಲೆಲ್ಲ ಕಬ್ಬು ಬಂದಿದೆ. ರೈತ ಕಬ್ಬು ಬೆಳೆದದ್ದು ತಪ್ಪಲ್ಲ. ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ದಾಟುವ ದಾರಿಗಳು ಇದರಿಂದ ಮುಚ್ಚಿಹೋಗಿವೆ ಎಂಬುದೂ ಅಷ್ಟೇ ನಿಜ. ಮುಳ್ಳುತಂತಿ ಬೇಲಿಗೆ ವೇಗವಾಗಿ ಬಂದು ಬಡಿದರೆ ಆ ತೆಳು ಕಾಲು ಉಳಿಯುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕುತ್ತು ನಾಯಿ, ಅದೂ ಊರಂಚಿನ ಕಸ, ಮಾಂಸದ ತ್ಯಾಜ್ಯ ತಿಂದು ಹೆಚ್ಚಿದ ಬೀದಿನಾಯಿಗಳ ಹಿಂಡು. ದೇಶದಾದ್ಯಂತ ಮಾಹಿತಿ ಕಲೆಹಾಕಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಯಿಗಳ ದಾಳಿಗೆ ಸಿಕ್ಕ ವನ್ಯಪ್ರಾಣಿಗಳ ಪಟ್ಟಿ 80 ಜಾತಿಗಳಿಗೆ ಮುಟ್ಟಿತು. ತೋಳಕ್ಕೆ ಹೊಟ್ಟೆ ತುಂಬಿದರೆ ಬೇಟೆ ಮುಗಿಯಿತು. ಊರಿನ ಎಂಜಲಿನಲ್ಲೇ ಹೊಟ್ಟೆ ತುಂಬಿಸಿಕೊಂಡ ನಾಯಿ ಸುಮ್ಮನೆ ಬೆನ್ನಟ್ಟುತ್ತದೆ, ಮರುದಿನ ಮತ್ತೆ ಬರುತ್ತದೆ. ಮಳೆ ಬಂದು ನೆಲ ಕೆಸರಾದಾಗ ರಾಜಸ್ಥಾನದಲ್ಲಿ ಚಿಂಕಾರಗಳು ನಾಯಿಗಳಿಗೆ ಸಾಲುಸಾಲಾಗಿ ಸಿಕ್ಕಿಬೀಳುತ್ತವೆ. ಚೂಪು ಗೊರಸು ಹಸಿಮಣ್ಣಿನಲ್ಲಿ ಹೂತು ಓಟ ನಿಂತುಹೋಗುತ್ತದೆ.

ಅದೇ ರಾಜಸ್ಥಾನದಲ್ಲಿ ಬಿಷ್ಣೋಯಿ ಜನ ಇದ್ದಾರೆ. 1485ರಲ್ಲಿ ಗುರು ಜಂಭೇಶ್ವರರು ಹಾಕಿಕೊಟ್ಟ 29 ನಿಯಮಗಳಲ್ಲಿ ಪ್ರಾಣಿದಯೆಯೂ ಹಸಿರು ಮರ ಕಡಿಯಬಾರದೆಂಬುದೂ ಸೇರಿವೆ. ಅವರ ಹೊಲಗಳಲ್ಲಿ ಚಿಂಕಾರ, ಕೃಷ್ಣಮೃಗಗಳು ಬೆದರದೆ ಮೇಯುತ್ತವೆ, ನಾಯಿ ಕಚ್ಚಿದ ಮರಿಗಳನ್ನು ಮನೆಯಲ್ಲಿಟ್ಟು ಆರೈಕೆ ಮಾಡುತ್ತಾರೆ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಅರಸನ ಆಳುಗಳು ಮರ ಕಡಿಯಲು ಬಂದಾಗ ಅಮೃತಾದೇವಿ ಮೊದಲಾಗಿ 363 ಮಂದಿ ಮರಗಳನ್ನು ತಬ್ಬಿ ಪ್ರಾಣ ಕೊಟ್ಟರು. ಅವರು ತಬ್ಬಿದ ಖೇಜಡಿ ಮರ ನಮಗೆ ಪರಕೀಯವೇನಲ್ಲ. ದಸರೆಯಲ್ಲಿ ನಾವು ಪೂಜೆ ಮಾಡುವ ಬನ್ನಿ ಮರವೇ ಅದು. ಬನ್ನಿಯ ಎಲೆಯನ್ನು ಬಂಗಾರವೆಂದು ಕೈಗಿಟ್ಟು ಹಿರಿಯರ ಕಾಲಿಗೆರಗುವ ನಾಡಿನಲ್ಲಿ, ಬನ್ನಿ ಬೆಳೆಯುವ ಬಯಲನ್ನು ಪಾಳು ಎಂದು ಬರೆದುಕೊಂಡಿದ್ದೇವೆ. ಈ ಬರಹವನ್ನು ತಿದ್ದುವುದು ಕಂದಾಯ ಇಲಾಖೆಯ ಕಡತದಲ್ಲಿ ಆಗಬೇಕು, ಶಾಲೆಯ ಪುಸ್ತಕದಲ್ಲಿ ಆಗಬೇಕು.

ಅಷ್ಟರಲ್ಲಿ ನಾವೇ ಮಾಡಬಹುದಾದ ಕೆಲಸವೂ ಇದೆ. ಮುಂಗಾರು ಬಂದಾಗ ಊರೂರಿನಲ್ಲಿ ಸಸಿ ನೆಡುವ ಉತ್ಸಾಹ ಏಳುತ್ತದೆ, ಅದು ಒಳ್ಳೆಯದೇ. ನಿಮ್ಮ ಸಂಘ, ನಿಮ್ಮ ಕಚೇರಿ, ನಿಮ್ಮ ಮಕ್ಕಳ ಶಾಲೆ ಗೋಮಾಳಕ್ಕೋ ಕಾವಲಿಗೋ ಕುರುಚಲು ಗುಡ್ಡಕ್ಕೋ ಸಸಿ ಹೊತ್ತು ಹೊರಟಿದ್ದರೆ ಗುಂಡಿ ತೋಡುವ ಮುನ್ನ ಅಲ್ಲಿ ಕುರಿ ಕಾಯುವವರನ್ನು ಒಂದು ಮಾತು ಕೇಳಿ: ಇಲ್ಲಿ ಚಿಗರಿ ಬರುತ್ತದೆಯೇ, ತೋಳ ಬರುತ್ತದೆಯೇ, ಹುಲ್ಲು ಯಾವ ತಿಂಗಳು ಏಳುತ್ತದೆ? ಬರುತ್ತದೆ ಎಂದರೆ ಆ ಸಸಿಗಳನ್ನು ರಸ್ತೆಯ ಬದಿಗೆ, ಶಾಲೆಯ ಅಂಗಳಕ್ಕೆ, ಮನೆಯ ಹಿತ್ತಿಲಿಗೆ ಒಯ್ಯಿರಿ. ಊರಾಚೆ ಮಾಂಸದ ತ್ಯಾಜ್ಯ ಸುರಿಯುವುದನ್ನು ನಿಲ್ಲಿಸಲು ನಿಮ್ಮ ಪಂಚಾಯಿತಿಗೆ ಅರ್ಜಿ ಕೊಡಿ. ಹುಲ್ಲನ್ನು ಹುಲ್ಲಾಗಿಯೇ ಬಿಡಿ.